ಸಚಿವರಾಗದೆ, ಕಾಯ್ದೆ ತಾರದೆ: ಮಧು ಲಿಮಯೆ ಅವರ ಸಂಸದೀಯ ಬದುಕನ್ನು ಅಳೆಯುವುದು ಹೇಗೆ?

ಪ್ರಶ್ನೆ

ಸಮಾಜವಾದಿ ಚಳವಳಿಯ ಚರಿತ್ರೆಯನ್ನು ಓದುವಾಗ ಮಧು ಲಿಮಯೆ ಅವರ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. 1922ರಲ್ಲಿ ಪುಣೆಯಲ್ಲಿ ಹುಟ್ಟಿದ ಅವರು ಗೋವಾ ವಿಮೋಚನಾ ಸತ್ಯಾಗ್ರಹದಲ್ಲಿ ಪೋರ್ಚುಗೀಸರಿಂದ ಹನ್ನೆರಡು ವರ್ಷಗಳ ಶಿಕ್ಷೆಗೆ ಗುರಿಯಾಗಿ 1957ರಲ್ಲಿ ಬಿಡುಗಡೆಗೊಂಡವರು. ಬಿಹಾರದ ಮುಂಗೇರ್‌ನಿಂದ 1964ರ ಉಪಚುನಾವಣೆಯಲ್ಲೂ 1967ರಲ್ಲೂ, ಬಾಂಕಾದಿಂದ 1973ರ ಉಪಚುನಾವಣೆಯಲ್ಲೂ 1977ರಲ್ಲೂ ಲೋಕಸಭೆಗೆ ಗೆದ್ದರು. 1971 ಮತ್ತು 1980ರಲ್ಲಿ ಸೋತರು. ಎಂದೂ ಸಚಿವರಾಗಲಿಲ್ಲ, ಅವರು ಮಂಡಿಸಿದ ಯಾವ ಮಸೂದೆಯೂ ಕಾಯ್ದೆಯಾಗಲಿಲ್ಲ. ಆದರೂ ಸಂಸದೀಯ ಪಟುಗಳ ಮಾತು ಬಂದಾಗಲೆಲ್ಲ ಅವರ ಹೆಸರನ್ನು ಮೊದಲ ಸಾಲಿನಲ್ಲಿ ಹೇಳುತ್ತಾರೆ. ಚೆನ್ನಾಗಿ ವಾದಿಸುತ್ತಿದ್ದರು ಎಂಬ ಹೊಗಳಿಕೆಯನ್ನು ಬದಿಗಿಟ್ಟರೆ, ಇಂಥ ಸದಸ್ಯರೊಬ್ಬರ ಸಾಧನೆಯನ್ನು ಯಾವುದರಿಂದ ಅಳೆಯಬೇಕು? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ಕಾಯ್ದೆಗಳನ್ನು ಎಣಿಸುವ ಅಳತೆಗೋಲನ್ನು ಮೊದಲು ಕೈಬಿಡಬೇಕು. ಸ್ವಾತಂತ್ರ್ಯ ಬಂದಂದಿನಿಂದ ಎರಡೂ ಸದನಗಳ ಒಪ್ಪಿಗೆ ಪಡೆದು ಕಾಯ್ದೆಯಾದ ಖಾಸಗಿ ಮಸೂದೆಗಳು, ಅಂದರೆ ಸಚಿವರಲ್ಲದ ಸದಸ್ಯರು ಮಂಡಿಸಿದವು, ಹದಿನಾಲ್ಕು ಮಾತ್ರ, ಅದರಲ್ಲಿ ಕೊನೆಯದು 1970ರದು. 2015ರಲ್ಲಿ ತಿರುಚ್ಚಿ ಶಿವ ಅವರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಮಸೂದೆ ರಾಜ್ಯಸಭೆಯಲ್ಲಿ ಅಂಗೀಕಾರವಾದಾಗ ಅದು ದೊಡ್ಡ ಸುದ್ದಿಯಾಯಿತು. ಆದರೆ ಲೋಕಸಭೆಯನ್ನು ಅದು ದಾಟಲಿಲ್ಲ.

1967ರ ಲೋಕಸಭೆಯಲ್ಲಿ ಕಾಂಗ್ರೆಸ್ಸಿಗೆ 283 ಸ್ಥಾನಗಳಿದ್ದರೆ ಲಿಮಯೆ ಅವರ ಸಂಯುಕ್ತ ಸಮಾಜವಾದಿ ಪಕ್ಷಕ್ಕೆ ಇದ್ದದ್ದು 23. ಮತಕ್ಕೆ ಹಾಕಿದರೆ ಸೋಲು ಖಚಿತವೆಂದು ಗೊತ್ತಿರುವವನಿಗೆ ಉಳಿಯುವ ದಾರಿ, ಮತವಿಲ್ಲದೆಯೇ ಸರ್ಕಾರವನ್ನು ಉತ್ತರಕ್ಕೆ ಕಟ್ಟಿಹಾಕುವ ನಿಯಮಗಳನ್ನು ಹುಡುಕುವುದು. ಅನುದಾನ ಬೇಡಿಕೆಗಳ, ಅಂದರೆ ಇಲಾಖೆಗಳು ಖರ್ಚಿಗಾಗಿ ಸದನವನ್ನು ಕೇಳುವ ಹಣದ, ಮೇಲಿನ ಕಡಿತ ಸೂಚನೆಯನ್ನೇ ನೋಡಿ. ಇಲಾಖೆಯೊಂದರ ನೀತಿಯನ್ನೇ ಒಪ್ಪದ ಸದಸ್ಯ, ಕೇಳಿದ ಮೊತ್ತವನ್ನು 1 ರೂಪಾಯಿಗೆ ಇಳಿಸಬೇಕೆಂದು ಸೂಚನೆ ಕೊಡಬಹುದು. ನಿರ್ದಿಷ್ಟವಾದ ಒಂದು ಕುಂದುಕೊರತೆ ಇದ್ದರೆ ಆ ಮೊತ್ತದಲ್ಲಿ 100 ರೂಪಾಯಿ ಕಡಿತ ಮಾಡಬೇಕೆಂದು ಕೇಳಬಹುದು. ಇಂಥ ಸೂಚನೆಗಳು ಬಹುತೇಕ ಬಿದ್ದೇ ಹೋಗುತ್ತವೆ. ಆದರೆ ನೂರು ರೂಪಾಯಿಯ ನೆಪದಲ್ಲಿ ಎತ್ತಿದ ವಿಷಯ ಕಲಾಪದ ದಾಖಲೆಗೆ ಸೇರುತ್ತದೆ, ಸಚಿವರು ಅದಕ್ಕೆ ಏನು ಹೇಳಿದರು ಎಂಬುದೂ ಅದರ ಜೊತೆಗೇ ಉಳಿಯುತ್ತದೆ.

ಲಿಮಯೆ ಅವರ ಬಲ ಇದ್ದದ್ದು ಇಲ್ಲಿಯೇ. ಕ್ರಿಯಾಲೋಪ (ಸದನದ ನಿಯಮ ಮುರಿದಿದೆ ಎಂಬ ಆಕ್ಷೇಪ, ಪಾಯಿಂಟ್ ಆಫ್ ಆರ್ಡರ್) ಎತ್ತುವವನು ಯಾವ ನಿಯಮದ ಯಾವ ಉಪನಿಯಮ ಮುರಿದಿದೆ ಎಂದು ನಿಂತಲ್ಲೇ ಹೇಳಬಲ್ಲವನಾಗಿರಬೇಕು, ಇಲ್ಲವಾದರೆ ಸಭಾಧ್ಯಕ್ಷರು ಕೂರಿಸುತ್ತಾರೆ. ಅವರನ್ನು ಹಾಗೆ ಕೂರಿಸುವುದು ಸುಲಭವಿರಲಿಲ್ಲ. 1974ರ ಪಾಂಡಿಚೇರಿ ಲೈಸೆನ್ಸ್ ಹಗರಣದಲ್ಲಿ, 21 ಸಂಸದರ ಹೆಸರಿನಲ್ಲಿ ಸಹಿ ಹಾಕಿದ್ದ ಆಮದು ಪರವಾನಗಿಯ ಮನವಿಯೊಂದರ ಸುತ್ತ ಎದ್ದ ವಿವಾದವನ್ನು ಅಧಿವೇಶನದಿಂದ ಅಧಿವೇಶನಕ್ಕೆ ಬಿಡದೆ ಬೆನ್ನಟ್ಟಿದವರಲ್ಲಿ ಅವರೂ ಒಬ್ಬರು. ಸಿಬಿಐ ಕಡತಗಳನ್ನು ವಿರೋಧ ಪಕ್ಷಗಳ ನಾಯಕರಿಗೆ ತೋರಿಸಲು ಸರ್ಕಾರ ಕೊನೆಗೆ ಒಪ್ಪಬೇಕಾಯಿತು.

ಎರಡನೆಯ ಉತ್ತರ

ಮೇಲಿನವರು ಸದನದೊಳಗಿನ ಕೆಲಸವನ್ನು ಸರಿಯಾಗಿ ಹೇಳಿದ್ದಾರೆ, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಚಿತ್ರ ಅರ್ಧವಾಗುತ್ತದೆ. 1968ರ ನವೆಂಬರ್ 6ರಂದು ಲಿಮಯೆ ಮತ್ತು ಅವರ ಸಂಗಡಿಗರನ್ನು ಬಿಹಾರದ ಲಖೀಸರಾಯ್ ರೈಲು ನಿಲ್ದಾಣದಲ್ಲಿ ಬಂಧಿಸಲಾಯಿತು. ಏಕೆ ಬಂಧಿಸುತ್ತಿದ್ದೇವೆ ಎಂಬುದನ್ನು ಅವರಿಗೆ ತಿಳಿಸಿರಲಿಲ್ಲ. ಅವರು ಸುಪ್ರೀಂ ಕೋರ್ಟಿಗೆ ಪತ್ರದ ರೂಪದಲ್ಲೇ ಅರ್ಜಿ ಕಳುಹಿಸಿದರು. ಬಂಧಿತನಿಗೆ ಕಾರಣ ತಿಳಿಸಬೇಕೆನ್ನುವ ಸಂವಿಧಾನದ 22(1)ನೇ ವಿಧಿ ಉಲ್ಲಂಘನೆಯಾಗಿದೆ, ಆ ಮೇಲೆ ಮ್ಯಾಜಿಸ್ಟ್ರೇಟರು ಹೊರಡಿಸಿದ ರಿಮ್ಯಾಂಡ್ (ಬಂಧನದಲ್ಲೇ ಇರಿಸುವ) ಆದೇಶದಿಂದ ಆ ದೋಷ ಸರಿಹೋಗುವುದಿಲ್ಲ ಎಂದು ನ್ಯಾಯಾಲಯ ಡಿಸೆಂಬರಿನಲ್ಲಿ ಅವರ ಬಿಡುಗಡೆಗೆ ಆದೇಶಿಸಿತು. ಬಂಧನದ ಕಾನೂನುಬದ್ಧತೆಯ ವಾದ ನಡೆಯುವಾಗ ವಕೀಲರು ಇಂದಿಗೂ ಆ ತೀರ್ಪನ್ನು ಎತ್ತಿಹೇಳುತ್ತಾರೆ. (ಎಲ್ಲ ಮೊಕದ್ದಮೆಗಳಲ್ಲೂ ಅವರೇ ಗೆದ್ದರು ಎಂದಲ್ಲ, 144ನೇ ಸೆಕ್ಷನ್ನನ್ನು ಪ್ರಶ್ನಿಸಿದ 1970ರ ಪ್ರಕರಣದಲ್ಲಿ ಸೋತರು.)

ನನ್ನ ಮಟ್ಟಿಗೆ ಅವರ ಸಂಸದೀಯ ಬದುಕಿನ ಅತಿ ದೊಡ್ಡ ಕೆಲಸ ಸದನವನ್ನು ಬಿಟ್ಟು ಹೋದದ್ದು. ಐದನೆಯ ಲೋಕಸಭೆಯ ಅವಧಿ 1976ರಲ್ಲಿ ಮುಗಿಯಬೇಕಿತ್ತು. ತುರ್ತು ಪರಿಸ್ಥಿತಿಯಲ್ಲಿ ಅದನ್ನು ಒಂದು ವರ್ಷ ವಿಸ್ತರಿಸಲಾಯಿತು. ಸಂವಿಧಾನದಲ್ಲಿ ಅದಕ್ಕೆ ಅವಕಾಶವೇನೋ ಇತ್ತು. ಆದರೆ ಜನ ಕೊಟ್ಟದ್ದು ಐದು ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚು ಕೂರಲಾರೆ ಎಂಬ ನಿಲುವಿನಿಂದ ಜೈಲಿನಲ್ಲಿದ್ದ ಲಿಮಯೆ ರಾಜೀನಾಮೆ ಕೊಟ್ಟರು. ಜಬಲ್ಪುರದ ಯುವ ಸದಸ್ಯ ಶರದ್ ಯಾದವ್ ಕೂಡ ಕೊಟ್ಟರು. ವಿರೋಧ ಪಕ್ಷಗಳ ಉಳಿದವರೂ ಹಾಗೇ ಮಾಡಿದ್ದರೆ ವಿಸ್ತರಣೆಯ ಮಾನ ಹೋಗುತ್ತಿತ್ತು, ಆದರೆ ಮಾಡಲಿಲ್ಲ.

ಮೂರನೆಯ ಉತ್ತರ

ಇಬ್ಬರೂ 1977ರ ನಂತರದ ಎರಡು ವರ್ಷಗಳನ್ನು ಮುಟ್ಟಿಲ್ಲ. ಲಿಮಯೆ ಅವರನ್ನು ಅಳೆಯಬೇಕಾದದ್ದು ಆ ಅವಧಿಯಲ್ಲಿಯೂ ಹೌದು. ಜನತಾ ಪಕ್ಷ ಅಧಿಕಾರಕ್ಕೆ ಬಂದಾಗ ಅವರು ಸಂಪುಟ ಸೇರದೆ ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿ ಉಳಿದರು. ಹಿಂದೆ ಜನಸಂಘದಲ್ಲಿದ್ದವರು ಜನತಾ ಪಕ್ಷದ ಸದಸ್ಯರಾಗಿದ್ದುಕೊಂಡೇ ಆರೆಸ್ಸೆಸ್ ನಂಟನ್ನೂ ಉಳಿಸಿಕೊಳ್ಳಬಹುದೇ ಎಂಬ ದ್ವಿಸದಸ್ಯತ್ವದ ಪ್ರಶ್ನೆಯನ್ನು ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದವರು ಅವರು. ಪ್ರಶ್ನೆ ತಾತ್ವಿಕವಾಗಿ ಸರಿಯೇ ಇದ್ದಿರಬಹುದು. ಆದರೆ 1979ರ ಜುಲೈನಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಬಿತ್ತು, ಚರಣ್ ಸಿಂಗ್ ಸಂಪುಟ ಸದನದ ವಿಶ್ವಾಸ ಕೋರುವ ಮೊದಲೇ ಆಗಸ್ಟಿನಲ್ಲಿ ಹೋಯಿತು, 1980ರಲ್ಲಿ ಇಂದಿರಾ ಗಾಂಧಿ ಭಾರಿ ಬಹುಮತದೊಂದಿಗೆ ಮರಳಿದರು. ಇದೆಲ್ಲವನ್ನೂ ಒಬ್ಬರ ತಲೆಗೆ ಕಟ್ಟುವುದು ಅನ್ಯಾಯ. ನಾಯಕರ ಪ್ರಧಾನಿ ಪದವಿಯ ಆಸೆಗಳ ಪಾಲು ಅದರಲ್ಲಿ ಹೆಚ್ಚಿನದು. ಆದರೂ ವರ್ಷಗಟ್ಟಲೆ ಎದುರು ಸಾಲಿನಲ್ಲಿ ಕೂತು ಪಳಗಿದ ಮನಸ್ಸು ತನ್ನದೇ ಸರ್ಕಾರದೊಳಗೆ ರಾಜಿಗೆ ಒಗ್ಗಲಿಲ್ಲ ಎಂದೇ ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮೂರನೆಯ ಉತ್ತರವನ್ನು ಪೂರ್ತಿಯಾಗಿ ಒಪ್ಪಲಾರೆ, ಏಕೆಂದರೆ ಅಧಿಕಾರ ಬಂದ ಮೇಲೂ ಅದೇ ಪ್ರಶ್ನೆ ಕೇಳಿದ್ದು ಅವರ ಹಿಂದಿನ ನಡೆಗೆ ಹೊಂದುವಂಥದ್ದೇ. ಇನ್ನೊಂದು ಸಂದೇಹವಿದೆ: ಅದೇ ಬಗೆಯ ಕೆಲಸ ಇಂದಿನ ಲೋಕಸಭೆಯಲ್ಲಿ ಒಬ್ಬ ಸದಸ್ಯರಿಂದ ಸಾಧ್ಯವೇ?

ನಾಲ್ಕನೆಯ ಉತ್ತರ

ಕಷ್ಟ, ಆದರೆ ಜನ ಸಾಮಾನ್ಯವಾಗಿ ಹೇಳುವ ಕಾರಣಕ್ಕಾಗಿ ಅಲ್ಲ. 1985ರ ಪಕ್ಷಾಂತರ ನಿಷೇಧ ಕಾಯ್ದೆಯಿಂದ ಸಂಸದರ ಬಾಯಿ ಕಟ್ಟಿತು ಎನ್ನುತ್ತಾರೆ. ಆದರೆ ವಿಪ್‌ನ, ಅಂದರೆ ಪಕ್ಷ ತನ್ನ ಸದಸ್ಯರಿಗೆ ಕೊಡುವ ಆದೇಶದ, ಹಿಡಿತ ಇರುವುದು ಮತದ ಮೇಲೆ. ಪ್ರಶ್ನೆಗಾಗಲಿ ಕ್ರಿಯಾಲೋಪಕ್ಕಾಗಲಿ ಅದರ ಅಡ್ಡಿಯಿಲ್ಲ. ನಿಜವಾದ ತೊಡಕು ಸಮಯದ್ದು. ಮೌಖಿಕ ಉತ್ತರಕ್ಕೆ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು ಪಟ್ಟಿಯಾದರೂ ಒಂದು ಗಂಟೆಯಲ್ಲಿ ಕೆಲವೇ ಪ್ರಶ್ನೆಗಳ ಸರದಿ ಬರುತ್ತದೆ, ಗದ್ದಲವಾದರೆ ಅದೂ ಇಲ್ಲ. ಉಪಪ್ರಶ್ನೆ ಕೇಳುವ ಅವಕಾಶ ತಪ್ಪಿದರೆ ಸಚಿವರು ಅಧಿಕಾರಿಗಳು ಬರೆದುಕೊಟ್ಟ ಉತ್ತರದ ಹಿಂದೆ ಆರಾಮವಾಗಿ ಕೂರಬಹುದು. 2020ರ ಸೆಪ್ಟೆಂಬರಿನಲ್ಲಿ ಕೋವಿಡ್ ಕಾರಣ ಹೇಳಿ ಪ್ರಶ್ನೋತ್ತರ ಕಲಾಪವನ್ನೇ ಕೈಬಿಡಲಾಗಿತ್ತು.

ಇನ್ನೊಂದು ಬದಲಾವಣೆಯೆಂದರೆ 1993ರಿಂದ ಇಲಾಖಾವಾರು ಸ್ಥಾಯಿ ಸಮಿತಿಗಳು ಬಂದಿವೆ. ಕಡತ ಓದುವ ಶ್ರದ್ಧೆಯಿರುವ ಸದಸ್ಯರಿಗೆ ಅಲ್ಲಿ ಅಧಿಕಾರಿಗಳನ್ನೇ ನೇರವಾಗಿ ಪ್ರಶ್ನಿಸುವ ಅವಕಾಶವಿದೆ, ಆದರೆ ಮುಚ್ಚಿದ ಬಾಗಿಲ ಒಳಗೆ ನಡೆಯುವ ಆ ಕೆಲಸ ಮತದಾರರ ಕಣ್ಣಿಗೆ ಬೀಳುವುದಿಲ್ಲ. ಸರ್ಕಾರದ ಖರ್ಚುವೆಚ್ಚವನ್ನು ಪರಿಶೀಲಿಸುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷತೆಯನ್ನು ವಿರೋಧ ಪಕ್ಷಕ್ಕೆ ಕೊಡುವ ಪರಿಪಾಠ ಸ್ವತಂತ್ರ ಪಕ್ಷದ ಮಿನೂ ಮಸಾನಿ ಅವರಿಂದ ಶುರುವಾದದ್ದು 1967ರಲ್ಲಿ, ಅಂದರೆ ಲಿಮಯೆ ಅವರ ಕಾಲದಲ್ಲೇ. ಅದು ಈಗಲೂ ಉಳಿದಿದೆ.

ನೀವು ಮುಂದೆ ಓದುವುದಾದರೆ, ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಹಳೆಯ ಚರ್ಚೆಗಳು ಸಿಗುತ್ತವೆ. ಲಿಮಯೆ ಸದನದಲ್ಲಿ ಹಿಂದಿಯಲ್ಲೇ ಮಾತನಾಡುತ್ತಿದ್ದರಾದ್ದರಿಂದ ಮೂಲ ಸಂಪುಟಗಳಲ್ಲಿ ಅವರ ಮಾತು ದೇವನಾಗರಿಯಲ್ಲಿದೆ. ಭಾಷಣಗಳಿಗಿಂತ ಮೊದಲು, ಪಾಂಡಿಚೇರಿ ಲೈಸೆನ್ಸ್ ವಿವಾದ ನಡೆದ 1974ರ ಚಳಿಗಾಲದ ಅಧಿವೇಶನದ ಕಲಾಪಗಳನ್ನು ತೆಗೆದು ನೋಡಿ.