ವಿಚರ್ 3: ಸಿರಿ ವಾಪಸ್ ಬರಲೇ ಇಲ್ಲ, ಯಾವ ಸೇವ್‌ನಿಂದ ಮತ್ತೆ ಆಡಬೇಕು? (ಕಥೆಯ ಕೊನೆ ಇದರಲ್ಲಿದೆ)

ಕೋಟೆಹುಡುಗ

ಗೆಳೆಯರೇ, ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಕಥೆಯ ಕೊನೆ ಪೂರ್ತಿ ಇದೆ. ಆಟ ಮುಗಿಸದವರು ದಯವಿಟ್ಟು ಮುಂದೆ ಓದಬೇಡಿ.

ನಿನ್ನೆ ರಾತ್ರಿ ಎರಡೂವರೆಗೆ ವಿಚರ್ 3 ಮುಗಿಸಿದೆ, ಅದೇ, ರಾಕ್ಷಸ ಬೇಟೆಗಾರ ಗೆರಾಲ್ಟ್ ಆಗಿ ಸಾಕುಮಗಳು ಸಿರಿಯನ್ನು ಹುಡುಕುವ ಕಂಪ್ಯೂಟರ್ ಆಟ. ಒಟ್ಟು 118 ಗಂಟೆ. ನಾನು ಕೆಲಸ ಮುಗಿಸಿ, ಊಟ ಮಾಡಿ, ಮನೆಯವರೆಲ್ಲ ಮಲಗಿದ ಮೇಲೆ ದಿನಕ್ಕೆ ಒಂದು ಗಂಟೆ ಆಡುವವನು. ಅಂದರೆ ಹೆಚ್ಚುಕಮ್ಮಿ ನಾಲ್ಕು ತಿಂಗಳು ಈ ಹುಡುಗಿಯನ್ನು ಹುಡುಕಿಕೊಂಡು ವೆಲೆನ್‌ನ ಕೆಸರಲ್ಲಿ, ನೋವಿಗ್ರಾಡ್‌ನ ಗಲ್ಲಿಗಳಲ್ಲಿ, ಸ್ಕೆಲಿಗೆಯ ದ್ವೀಪಗಳಲ್ಲಿ ಅಲೆದಿದ್ದೇನೆ. ಕೊನೆಗೆ ಸಿರಿ ಗೋಪುರದೊಳಗೆ ಹೋದಳು, ಹೊರಗೆ ಬರಲೇ ಇಲ್ಲ. ಗೆರಾಲ್ಟ್ ಜೌಗಿನ ನಡುವಿನ ಗುಡಿಸಲಲ್ಲಿ ತನ್ನ ಗುರು ವೆಸೆಮಿರ್‌ನ ಪದಕ ಕೈಯಲ್ಲಿ ಹಿಡಿದು ಕೂತ. ಹೊರಗೆ ರಾಕ್ಷಸರು ಮುತ್ತಿಕೊಂಡರು. ಅಷ್ಟೇ, ಮುಗಿಯಿತು.

ಎಲ್ಲಿ ಎಡವಿದೆ ಅಂತ ನನಗೆ ಗೊತ್ತಾಗುತ್ತಿಲ್ಲ. ಯಾರನ್ನೂ ಸುಮ್ನೆ ಕೊಂದಿಲ್ಲ. ಬಡವರು ಕೂಲಿ ಕೊಡಲು ಬಂದಾಗ ಎಷ್ಟೋ ಸಲ ಬೇಡ ಅಂದಿದ್ದೇನೆ. ವೆಲೆನ್‌ನ ಸರದಾರ ಬ್ಯಾರನ್‌ನ ಹೆಂಡತಿ ಬದುಕಲಿ ಅಂತ ದಿಬ್ಬದ ಆತ್ಮವನ್ನು ಕೊಂದೆ, ಆಮೇಲೆ ಅದರಿಂದ ಜೌಗಿನ ಅನಾಥ ಮಕ್ಕಳು ಇಲ್ಲವಾದದ್ದು ಗೊತ್ತಾಗಿ ಬೇಜಾರಾಯಿತು. ಅದರ ಶಿಕ್ಷೆಯಾ ಇದು?

ಸಿರಿ ಜೊತೆ ನಾನು ಆರಿಸಿದ್ದು ಇವು. ವೆಸೆಮಿರ್ ತೀರಿಕೊಂಡ ಮೇಲೆ ಅವಳ ಜೊತೆ ಕೂತು ಕುಡಿದೆ. ಚಕ್ರವರ್ತಿ ಹತ್ತಿರ ಹೋಗದೆ ಸೀದಾ ವೆಲೆನ್‌ಗೆ ಹೋದೆ. ಲಾಡ್ಜ್ ಅನ್ನುವ ಕೂಟದ ಮಾಂತ್ರಿಕಿಯರು ಕರೆದಾಗ ಅವಳೊಬ್ಬಳನ್ನೇ ಕಳಿಸಲು ಮನಸ್ಸಾಗಲಿಲ್ಲ, ನಾನೂ ಹೋದೆ. ಅವಳ ಗುರು ಅವಲ್ಲಾಕ್‌ನ ಪ್ರಯೋಗಶಾಲೆಯಲ್ಲಿ ಅವಳಿಗೆ ಸಿಟ್ಟು ಬಂದಾಗ ಸಮಾಧಾನ ಮಾಡಿಕೋ ಅಂದೆ. ಅವಳಿಗೆ ಸಹಾಯ ಮಾಡಿದ್ದ ಸ್ಕ್ಯಾಲ್ ಅನ್ನುವ ಹುಡುಗನ ಸಮಾಧಿಗೆ ಹೋಗೋಣ ಅಂದಾಗ ಟೈಮ್ ಇಲ್ಲ ಅಂದೆ, ಯುದ್ಧ ತಲೆ ಮೇಲೆ ಕೂತಿತ್ತು.

ಇನ್ನೊಂದು ತೊಂದರೆ. ಆಟದ ಮಧ್ಯದಲ್ಲಿ ಲ್ಯಾಪ್‌ಟಾಪ್ ಬದಲಾಯಿಸಿದೆ. ಹೊಸದರಲ್ಲಿ ಈಗ ಕಾಣುವುದು ಕೊನೆಯ ಹತ್ತು ದಿನದ ಸೇವ್‌ಗಳು (ಆಟ ಉಳಿಸಿಟ್ಟ ಫೈಲ್‌ಗಳು) ಮಾತ್ರ. ಹಳೇ ಹಾರ್ಡ್ ಡಿಸ್ಕ್ ನನ್ನ ಹತ್ತಿರವೇ ಇದೆ. ಮತ್ತೆ ಮೊದಲಿನಿಂದ ಆಡಬೇಕಾ? ಅಷ್ಟು ಸಮಯ ನನಗಿಲ್ಲ. ಹಾಗೇ ಬಿಡಲೂ ಆಗುತ್ತಿಲ್ಲ.

ತುಂಗಾತೀರ

ಕೋಟೆಹುಡುಗ ಅವರೇ, ನಿಮ್ಮ ಸಂಕಟ ನನಗೆ ಗೊತ್ತು. 2016ರಲ್ಲಿ ನಾನೂ ಇದೇ ಕೊನೆ ನೋಡಿದೆ, ಒಂದು ವಾರ ಆಟದ ಕಡೆ ತಲೆ ಹಾಕಲಿಲ್ಲ.

ಮೊದಲಿನಿಂದ ಆಡಬೇಕಾಗಿಲ್ಲ. ಬ್ಯಾರನ್, ದಿಬ್ಬದ ಆತ್ಮ, ಅನಾಥ ಮಕ್ಕಳು, ಇವು ಯಾವುದಕ್ಕೂ ಸಿರಿಯ ಬದುಕಿಗೂ ಸಂಬಂಧವಿಲ್ಲ. ಅದು ನಿಂತಿರುವುದು ಐದು ಗಳಿಗೆಗಳ ಮೇಲೆ. ಐದೂ ವಿಚರ್‌ಗಳ ಕೋಟೆ ಕೇರ್ ಮೊರ್ಹೆನ್‌ನ ಯುದ್ಧ ಮುಗಿದ ಮೇಲೆ ಬರುತ್ತವೆ. ನೀವು ಬರೆದ ಪಟ್ಟಿಯಲ್ಲೇ ಐದೂ ಇವೆ ನೋಡಿ, ಅಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿದ್ದೀರಿ.

ಮೊದಲನೆಯದರಲ್ಲಿ ಕುಡಿಯುವುದರ ಬದಲು, ನಿನ್ನ ಮನಸ್ಸು ಹಗುರ ಮಾಡುವುದು ಹೇಗೆ ಅಂತ ನನಗೆ ಗೊತ್ತು ಅನ್ನುವ ಅರ್ಥದ ಆಯ್ಕೆ ಇದೆ. ಅದನ್ನು ಒತ್ತಿದರೆ ಇಬ್ಬರೂ ಹಿಮದ ಉಂಡೆ ಮಾಡಿ ಒಬ್ಬರಿಗೊಬ್ಬರು ಎಸೆದುಕೊಳ್ಳುತ್ತಾರೆ. ಎರಡನೆಯದು ಚಕ್ರವರ್ತಿ ಎಮ್ಹಿರ್. ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದರೆ ಅವನು ದುಡ್ಡು ಕೊಡಲು ಬರುತ್ತಾನೆ, ತೆಗೆದುಕೊಳ್ಳಬಾರದು. ಮೂರನೆಯದು ಲಾಡ್ಜ್: ನೀನೊಬ್ಬಳೇ ನಿಭಾಯಿಸುತ್ತೀಯ ಅಂತ ಕಳಿಸಬೇಕು. ನಾಲ್ಕನೆಯದು ಪ್ರಯೋಗಶಾಲೆ: ಒಡೆದು ಹಾಕು ಅನ್ನಬೇಕು. ಐದನೆಯದು ಸ್ಕ್ಯಾಲ್‌ನ ಸಮಾಧಿ: ಜೊತೆಗೆ ಹೋಗಬೇಕು.

ಈ ಐದರಲ್ಲಿ ಮೂರು ಸರಿಯಾದರೆ ಸಿರಿ ಬದುಕುತ್ತಾಳೆ. ನಿಮಗೆ ಒಂದೂ ಸಿಕ್ಕಿಲ್ಲ. ಆದರೆ ಲಾಡ್ಜ್, ಪ್ರಯೋಗಶಾಲೆ, ಸಮಾಧಿ, ಈ ಮೂರು ಇನ್ನೂ ನಿಮ್ಮ ಕೈಯಲ್ಲಿವೆ, ಲಾಡ್ಜ್‌ಗಿಂತ ಹಿಂದಿನ ಒಂದೇ ಒಂದು ಸೇವ್ ಸಿಕ್ಕರೆ ಸಾಕು. ಅಲ್ಲಿಂದ ಮುಖ್ಯ ಕಥೆ ಮಾತ್ರ ಆಡಿದರೆ ಕೆಲವೇ ರಾತ್ರಿಗಳ ಕೆಲಸ.

ಸೇವ್ ಹುಡುಕುವುದು ಹೀಗೆ. ಹಳೇ ಡಿಸ್ಕ್ ಅನ್ನು ಯುಎಸ್‌ಬಿ ಕೇಸ್‌ನಲ್ಲಿ ಹಾಕಿ ಜೋಡಿಸಿ. ನಿಮ್ಮ ಹೆಸರಿನ ಫೋಲ್ಡರ್, ಅದರೊಳಗೆ ಡಾಕ್ಯುಮೆಂಟ್ಸ್, ಅದರೊಳಗೆ ದ ವಿಚರ್ 3, ಅದರೊಳಗೆ ಗೇಮ್‌ಸೇವ್ಸ್. ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರ್ ಅವರಿಗೆ ಗೊತ್ತಿಲ್ಲದೆಯೇ ಕ್ಲೌಡ್ ಫೋಲ್ಡರ್ ಒಳಗೆ ಸೇರಿಕೊಂಡಿರುತ್ತದೆ, ಸಿಗದಿದ್ದರೆ ಅಲ್ಲಿಯೂ ನೋಡಿ. ಪ್ರತಿ ಸೇವ್‌ಗೂ ಎರಡು ಫೈಲ್ ಇರುತ್ತವೆ, ಒಂದು ಸೇವ್, ಇನ್ನೊಂದು ಅದೇ ಹೆಸರಿನ ಪುಟ್ಟ ಚಿತ್ರ. ಈ ಚಿತ್ರಗಳೇ ನಿಮಗೆ ದಾರಿ ತೋರಿಸುತ್ತವೆ. ತಾರೀಖಿನ ಪ್ರಕಾರ ಜೋಡಿಸಿ, ಥಂಬ್‌ನೇಲ್ ದೊಡ್ಡದು ಮಾಡಿ, ಒಂದೊಂದೇ ನೋಡುತ್ತಾ ಬನ್ನಿ. ಕೇರ್ ಮೊರ್ಹೆನ್‌ನ ಹಿಮ ಕಂಡಿತಾ? ಅದರ ನಂತರ ನೋವಿಗ್ರಾಡ್‌ನ ಇಟ್ಟಿಗೆ ಗೋಡೆ ಕಾಣುವ ಸೇವ್ ಹುಡುಕಿ. ನಿಮಗೆ ಬೇಕಾದ್ದು ಅಲ್ಲೇ ಎಲ್ಲೋ ಇದೆ.

ಆಟೋಸೇವ್ ನಂಬಬೇಡಿ. ಅವು ಒಂದರ ಮೇಲೊಂದು ಬರೆದುಕೊಂಡು ಹಳೆಯದನ್ನು ಅಳಿಸುತ್ತವೆ. ನೀವೇ ಕೈಯಾರೆ ಮಾಡಿದ ಸೇವ್ ನೋಡಿ. ಮತ್ತೆ ಏನು ಮಾಡುವ ಮುಂಚೆಯೂ ಈಗಿನ ಗೇಮ್‌ಸೇವ್ಸ್ ಫೋಲ್ಡರ್ ಪೂರ್ತಿ ಒಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟುಕೊಳ್ಳಿ. ಇದನ್ನು ಮರೆಯಬೇಡಿ.

ಮಲ್ಲಿಗೆಬಳ್ಳಿ

ನಾನು ಇಲ್ಲಿ ಒಂದು ಮಾತು ಹೇಳಲೇಬೇಕು. ಕುಡಿದ ಆಯ್ಕೆ ತಪ್ಪು ಅನ್ನುವುದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಸಾವಿನ ಮನೆಯಲ್ಲಿ ನಾವು ಏನು ಮಾಡುತ್ತೇವೆ? ಪಕ್ಕದಲ್ಲಿ ಹೋಗಿ ಸುಮ್ನೆ ಕೂರುತ್ತೇವೆ. ಟೀ ತಂದುಕೊಡುತ್ತೇವೆ. ಚಿತೆಯ ಬೂದಿ ಆರುವ ಮುಂಚೆ ಹಿಮದ ಉಂಡೆ ಎಸೆಯೋಣ ಬಾ ಅಂತ ನಮ್ಮ ಕಡೆ ಯಾರಿಗೂ ತೋಚುವುದಿಲ್ಲ. ನಾನೂ ಮೊದಲ ಸಲ ಜೊತೆಗೆ ಕೂರುವುದನ್ನೇ ಆರಿಸಿದೆ, ಈಗ ಆಡಿದರೂ ಕೈ ಅಲ್ಲಿಗೇ ಹೋಗುತ್ತದೆ.

ಇನ್ನೊಂದು ವಿಷಯ, ಆಯ್ಕೆಯಲ್ಲಿ ಬರೆದಿರುವುದೇ ಒಂದು, ಗೆರಾಲ್ಟ್ ಮಾಡುವುದೇ ಇನ್ನೊಂದು. ಇದು ನನಗೆ ಈ ಆಟದ ಮೇಲಿರುವ ದೊಡ್ಡ ಸಿಟ್ಟು. ಮಾಂತ್ರಿಕಿ ಫಿಲಿಪಾ ಪ್ರಸಂಗದಲ್ಲಿ ಗೂಢಚಾರ ಡೈಕ್‌ಸ್ಟ್ರಾನನ್ನು ಜೋರಾಗಿ ಪಕ್ಕಕ್ಕೆ ತಳ್ಳು ಅಂತ ಇರುತ್ತದೆ. ತಳ್ಳೋದು ತಾನೇ ಅಂತ ಒತ್ತಿದರೆ ಗೆರಾಲ್ಟ್ ಅವನ ಕಾಲೇ ಮುರಿಯುತ್ತಾನೆ! ಅಷ್ಟಕ್ಕೇ ಮುಗಿಯುವುದಿಲ್ಲ, ರಾಜ ರೇಡೋವಿಡ್‌ನನ್ನು ಮುಗಿಸುವ ಕ್ವೆಸ್ಟ್ (ಕಥೆಯ ಒಂದು ಕೆಲಸ) ಕೈತಪ್ಪಿ ಹೋಗುತ್ತದೆ. ಕೋಟೆಹುಡುಗ ಅವರೇ, ನಿಮ್ಮ ಸೇವ್ ಅದಕ್ಕಿಂತ ಹಿಂದಿನದಾದರೆ ಅಲ್ಲಿ ಹುಷಾರಾಗಿರಿ.

ಕನ್ನಡದಲ್ಲಿ ಸಬ್‌ಟೈಟಲ್ ಇಲ್ಲ. ಮೂರು ಪದದ ಇಂಗ್ಲಿಷ್ ಸಾಲು ನೋಡಿ, ಅದರ ದನಿ ಪ್ರೀತಿಯದಾ ಗದರಿಕೆಯದಾ ಅಂತ ಊಹಿಸಬೇಕು. ಕೆಲವು ಕಡೆ ಟೈಮರ್ ಬೇರೆ ಓಡುತ್ತಿರುತ್ತದೆ. ಸಮಾಧಾನ ಮಾಡಿಕೋ ಅನ್ನುವುದು ಒಳ್ಳೆಯ ಮಾತು ಅಂತ ನಮಗೆ ಅನಿಸುವುದು ಸಹಜ ಅಲ್ವಾ?

ಅದಕ್ಕೇ ನನ್ನ ಸಲಹೆ ಬೇರೆ. ನಿಮ್ಮ ಕೊನೆ ನಿಮ್ಮದು. ಅದನ್ನು ಹಾಗೇ ಇಟ್ಟುಕೊಳ್ಳಿ. ಆ ಗುಡಿಸಲಿನ ದೃಶ್ಯ ಇಡೀ ಆಟದಲ್ಲಿ ನನಗೆ ಅತಿ ಹೆಚ್ಚು ತಟ್ಟಿದ್ದು.

ತುಂಗಾತೀರ

ಮಲ್ಲಿಗೆಬಳ್ಳಿ ಅವರೇ, ಹಿಮದ ಉಂಡೆ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಅದೊಂದನ್ನು ಊಹಿಸುವುದು ಕಷ್ಟ. ಆದರೆ ಒಟ್ಟಾರೆ ಆಟ ಅನ್ಯಾಯ ಮಾಡಿದೆ ಅಂತ ನನಗೆ ಅನಿಸುವುದಿಲ್ಲ. ಉಳಿದ ನಾಲ್ಕನ್ನು ಒಟ್ಟಿಗೆ ಇಟ್ಟು ನೋಡಿ. ಆಟ ಪ್ರತಿ ಸಲ ಕೇಳುತ್ತಿರುವುದು ಒಂದೇ: ಇವಳು ಬೆಳೆದಿದ್ದಾಳೆ ಅಂತ ನೀನು ನಂಬುತ್ತೀಯಾ, ಇಲ್ಲ ಇನ್ನೂ ಕೈ ಹಿಡಿದುಕೊಂಡೇ ನಡೆಸುತ್ತೀಯಾ?

ಪ್ರಯೋಗಶಾಲೆಯನ್ನೇ ತೆಗೆದುಕೊಳ್ಳಿ. ಗುರು ಅಂತ ನಂಬಿದವನು ಅವಳ ವಂಶಾವಳಿಯನ್ನು ಬಿಡಿಸಿ ಬರೆದಿಟ್ಟಿದ್ದಾನೆ, ಯಾವುದೋ ತಳಿಯ ಕುದುರೆಯ ಲೆಕ್ಕ ಇಟ್ಟ ಹಾಗೆ. ಅಲ್ಲಿದ್ದ ಎಲ್ಫ್ ಹೆಂಗಸು ಎದುರಿಗೇ ಹೀನಾಯವಾಗಿ ಮಾತಾಡುತ್ತಾಳೆ. ಸಿರಿಯ ಸಿಟ್ಟಿಗೆ ನ್ಯಾಯ ಇದೆ. ಆಗ ನಾವು ಸಮಾಧಾನ ಮಾಡಿಕೋ ಅಂದರೆ ನಿನಗೆ ಸಿಟ್ಟು ಮಾಡಿಕೊಳ್ಳುವ ಹಕ್ಕಿಲ್ಲ ಅಂದ ಹಾಗಾಯಿತು. ಒಡೆದು ಹಾಕು ಅಂದರೆ ಗೆರಾಲ್ಟ್ ತಾನೂ ಸೇರಿಕೊಂಡು ಒಡೆಯುತ್ತಾನೆ. ಅಲ್ಲಿ ಅವನು ಉಪದೇಶ ಮಾಡದೆ ಅವಳ ಪಕ್ಷ ವಹಿಸುತ್ತಾನೆ.

ಬ್ಯಾರನ್ ಕಥೆಯನ್ನು ಇಷ್ಟು ಮೊದಲೇ ಇಟ್ಟಿರುವುದೂ ಇದಕ್ಕೇ ಅಂತ ನನ್ನ ಅನಿಸಿಕೆ. ಮಗಳ ಮೇಲೆ ಅವನಿಗೆ ಪ್ರೀತಿ ಇಲ್ಲ ಅಂತ ಯಾರೂ ಹೇಳಲಾರರು. ಆದರೂ ತಮಾರಾ ಮನೆ ಬಿಟ್ಟು ಹೋದಳು.

ಕೋಟೆಹುಡುಗ ಅವರೇ, ನೀವು ಲಾಡ್ಜ್‌ಗೆ ಜೊತೆ ಹೋದದ್ದು ಕಾಳಜಿಯಿಂದಲೇ. ಅದು ನನಗೂ ಗೊತ್ತು, ನಾನೂ ಹಾಗೇ ಮಾಡಿದ್ದೆ. ಮುಂದಿನ ಸಲ ಗೋಪುರದ ದೃಶ್ಯ ಗಮನಿಸಿ ನೋಡಿ. ಸಿರಿ ಒಳಗೆ ಹೋಗುವಾಗ ಈ ಗಳಿಗೆಗಳೇ ಅವಳಿಗೆ ನೆನಪಾಗಿ ಬರುತ್ತವೆ. ಒಳಗೆ ಅವಳ ಜೊತೆ ಇರುವುದು ಅವಷ್ಟೇ.

ಕೋಟೆಹುಡುಗ

ಇಬ್ಬರಿಗೂ ಧನ್ಯವಾದ. ಡಿಸ್ಕ್ ಜೋಡಿಸಿದೆ, ಫೋಲ್ಡರ್ ಸಿಕ್ಕಿತು. ಚಿತ್ರ ನೋಡಿಕೊಂಡು ಹೋದರೆ ನೋವಿಗ್ರಾಡ್‌ನ ಮಳೆಯಲ್ಲಿ ಗೆರಾಲ್ಟ್ ನಿಂತಿರುವ ಒಂದು ಸೇವ್ ಇದೆ. ಲಾಡ್ಜ್‌ಗಿಂತ ಹಿಂದಿನದೇ ಅಂತ ಖಾತ್ರಿ ಇದೆ. ಎರಡೂ ಫೈಲ್ ಹೊಸ ಲ್ಯಾಪ್‌ಟಾಪ್‌ನ ಅದೇ ಫೋಲ್ಡರ್‌ಗೆ ಹಾಕಿದೆ. ಪಟ್ಟಿಯಲ್ಲಿ ಕಾಣುತ್ತದೆ, ಆದರೆ ತೆರೆಯಲು ಹೋದರೆ ಯಾವುದೋ ಡಿಎಲ್‌ಸಿ (ಆಟಕ್ಕೆ ಸೇರಿಸುವ ಹೆಚ್ಚುವರಿ ಭಾಗ) ಇಲ್ಲ ಅಂತ ಹೇಳಿ ನಿಲ್ಲಿಸುತ್ತದೆ. ಫೈಲ್ ಹಾಳಾಗಿದೆಯಾ?

ತುಂಗಾತೀರ

ಹಾಳಾಗಿಲ್ಲ. ಹಾಳಾಗಿದ್ದರೆ ಪಟ್ಟಿಯಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ. ಸೇವ್ ಮಾಡಿದಾಗ ಯಾವ ಡಿಎಲ್‌ಸಿಗಳು ಇದ್ದವೋ ಅವೆಲ್ಲ ಈಗಲೂ ಇರಬೇಕು ಅಂತ ಈ ಆಟ ಕೇಳುತ್ತದೆ. ಹೊಸದಾಗಿ ಹಾಕುವಾಗ ಡೌನ್‌ಲೋಡ್ ಕಮ್ಮಿ ಆಗಲಿ ಅಂತ ಏನಾದರೂ ಟಿಕ್ ತೆಗೆದಿದ್ದೀರಾ? ಲಾಂಚರ್‌ನಲ್ಲಿ ಆಟದ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಡಿಎಲ್‌ಸಿ ಪಟ್ಟಿ ತೆರೆಯಿರಿ, ಹಾರ್ಟ್ಸ್ ಆಫ್ ಸ್ಟೋನ್, ಬ್ಲಡ್ ಆ್ಯಂಡ್ ವೈನ್ ಮಾತ್ರ ಅಲ್ಲ, ಪುಕ್ಕಟೆ ಕೊಟ್ಟ ಬಟ್ಟೆ, ಗಡ್ಡದ ಸೆಟ್‌ಗಳಂಥ ಚಿಕ್ಕವೂ ಸೇರಿ ಎಲ್ಲಕ್ಕೂ ಟಿಕ್ ಹಾಕಿ. ಇಳಿದ ಮೇಲೆ ಆಟ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ.

ಇನ್ನೊಂದು, ಆವೃತ್ತಿ ನೋಡಿಕೊಳ್ಳಿ. 2022ರ ಡಿಸೆಂಬರ್‌ನಲ್ಲಿ ಬಂದ 4.0 ಅಪ್‌ಡೇಟ್‌ನಲ್ಲಿ ಮಾಡಿದ ಸೇವ್ ಹಳೇ 1.32ರಲ್ಲಿ ತೆರೆಯುವುದಿಲ್ಲ. ಹಳೆಯದರಿಂದ ಹೊಸದಕ್ಕೆ ಬರಬಹುದು, ಹಿಂದಕ್ಕೆ ಹೋಗಲು ಆಗುವುದಿಲ್ಲ.

ಮತ್ತೆ ಸಿರಿ ಚಕ್ರವರ್ತಿನಿ ಆಗುವ ಕೊನೆ ಈ ಸೇವ್‌ನಿಂದ ಸಿಗುವುದಿಲ್ಲ, ಅದಕ್ಕೆ ಎಮ್ಹಿರ್‌ನ ಹತ್ತಿರ ಹೋಗಿರಲೇಬೇಕು, ರೇಡೋವಿಡ್ ಸತ್ತು ಯುದ್ಧವನ್ನು ಎಮ್ಹಿರ್‌ನ ನಿಲ್ಫ್‌ಗಾರ್ಡ್ ಸಾಮ್ರಾಜ್ಯ ಗೆದ್ದಿರಬೇಕು. ನಿಮಗೆ ಸಿಗುವುದು ಅವಳು ವಿಚರ್, ಅಂದರೆ ಗೆರಾಲ್ಟ್‌ನಂತೆ ರಾಕ್ಷಸ ಬೇಟೆಗಾರ್ತಿ, ಆಗುವ ಕೊನೆ. ನನ್ನನ್ನು ಕೇಳಿದರೆ ಅದೇ ಅವಳಿಗೆ ಒಪ್ಪುವುದು.

ಕೋಟೆಹುಡುಗ

ಸೇವ್ ತೆರೆಯಿತು! ಟಿಕ್ ತೆಗೆದಿದ್ದು ನಾನೇ, ಡೇಟಾ ಉಳಿಸಲು ಚಿಕ್ಕ ಡಿಎಲ್‌ಸಿಗಳನ್ನೆಲ್ಲ ಬಿಟ್ಟಿದ್ದೆ. ಎಲ್ಲ ಹಾಕಿದ ಮೇಲೆ ಮೊದಲ ಸಲಕ್ಕೇ ಬಂತು.

ಐದು ರಾತ್ರಿ ಆಡಿದೆ. ಲಾಡ್ಜ್‌ಗೆ ಅವಳನ್ನು ಒಬ್ಬಳನ್ನೇ ಕಳಿಸಿ ಹೊರಗೆ ಉಳಿದಾಗ, ಇದು ಆಟ ಅಂತ ಗೊತ್ತಿದ್ದೂ ಕೈ ಬೆವರಿತು. ಪ್ರಯೋಗಶಾಲೆಯಲ್ಲಿ ಇಬ್ಬರೂ ಸೇರಿ ಎಲ್ಲ ಒಡೆದರು. ಸಮಾಧಿಗೂ ಹೋದೆ. ಸ್ಕ್ಯಾಲ್‌ನನ್ನು ಅವನ ಊರಿನವರೇ ಹೇಡಿ ಅಂತ ದೂರ ಮಾಡಿದ್ದರಲ್ಲ, ಸಿರಿ ಅವನ ಮುಂದೆ ನಿಂತು ಮಾತಾಡುತ್ತಾಳೆ, ಗೆರಾಲ್ಟ್ ಪಕ್ಕದಲ್ಲಿ ನಿಂತಿರುತ್ತಾನೆ, ಹೆಚ್ಚೇನೂ ನಡೆಯುವುದಿಲ್ಲ. ಹೋದ ಸಲ ಇಷ್ಟಕ್ಕೆ ಟೈಮ್ ಇಲ್ಲ ಅಂದಿದ್ದೆ.

ನಿನ್ನೆ ರಾತ್ರಿ ವೈಟ್ ಆರ್ಚರ್ಡ್ ಹಳ್ಳಿಯಲ್ಲಿ ಗೆರಾಲ್ಟ್ ಅವಳ ಕೈಗೆ ಬೆಳ್ಳಿ ಕತ್ತಿ ಕೊಟ್ಟ.

ಮಲ್ಲಿಗೆಬಳ್ಳಿ ಅವರೇ, ನಿಮ್ಮ ಮಾತೂ ಮನಸ್ಸಿನಲ್ಲಿದೆ. ಗುಡಿಸಲಿನ ಸೇವ್ ಅಳಿಸಿಲ್ಲ. ಅದನ್ನೂ ಪೆನ್‌ಡ್ರೈವ್‌ನಲ್ಲಿ ಇಟ್ಟಿದ್ದೇನೆ, ಚಿತ್ರದ ಸಮೇತ. ಸಮಸ್ಯೆ ಬಗೆಹರಿದಿದೆ.