ಹಸಿರು ನೀರಿಗೆ ಔಷಧಿ ಹಾಕಬೇಡ ಪುಟ್ಟಿ

ಪುಟ್ಟಿ, ದೊಡ್ಡಪ್ಪ ಮಾತಾಡ್ತಾ ಇರೋದು. ಫೋಟೋ ನೋಡಿದೆ. ಉಪ್ಪುನೀರಿನ ಟ್ಯಾಂಕ್ ನಾಲ್ಕು ದಿನದಿಂದ ಹಸಿರಾಗಿದೆ, ಮಬ್ಬಾಗಿದೆ, ಕ್ಲೌನ್ ಮೀನು ಕಾಣಿಸ್ತಾನೇ ಇಲ್ಲ, ಏನು ಮಾಡಲಿ ಅಂತ ಕೇಳಿದ್ದೀಯ. ಟೈಪ್ ಮಾಡೋಕೆ ಕನ್ನಡಕ ಸಿಗಲಿಲ್ಲ, ಅದಕ್ಕೇ ಬಾಯಲ್ಲೇ ಹೇಳ್ತೇನೆ. ಮೊದಲು ಕೇಳು, ಔಷಧಿ ಹಾಕಬೇಡ. ಗ್ರೂಪಿನಲ್ಲಿ ಯಾರೋ ಬಾಟಲಿ ಫೋಟೋ ಹಾಕಿದ್ದಾರಲ್ಲ, ಅದು ಬೇಡ.

ಸುರತ್ಕಲ್ ಮನೆ ಎಲ್ಲರಿಗೂ ಗೊತ್ತಲ್ಲ, ಆ ಪಡುವಣ ಕಿಟಕಿ. ಅದರ ಎದುರೇ ನನ್ನ ಮೂರಡಿ ಟ್ಯಾಂಕ್. ಸಂಜೆ ಬಿಸಿಲು ನೇರ ಗಾಜಿಗೆ. ಸಾಲದ್ದಕ್ಕೆ, ನೀರು ಇಂಗಿದಾಗೆಲ್ಲ ಬಾವಿ ನೀರು ಸುರಿಯುತ್ತಿದ್ದೆ. ಬಾವಿ ಪಕ್ಕವೇ ತೆಂಗಿನ ಬುಡ, ಬುಡಕ್ಕೆ ಗೊಬ್ಬರ. ಪಾಚಿಗೆ ಇನ್ನೇನು ಬೇಕು? ಕೊತ್ತಂಬರಿ ಚಟ್ನಿ ಅರೆದ ಜಾರ್ ತೊಳೆದ ನೀರಿನ ಹಾಗಾಯಿತು. ಅಂಗಡಿಯವನು ಒಂದು ಬಾಟಲಿ ಕೊಟ್ಟ, ಒಂದೇ ರಾತ್ರಿ ಸಾರ್ ಅಂದ. ನಿಜ, ಒಂದೇ ರಾತ್ರಿ. ಬೆಳಗಿನ ಜಾವ ಎದ್ದು ನೋಡಿದರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ. ಪಾಚಿ ಒಟ್ಟಿಗೆ ಸತ್ತು ಕೊಳೆತರೆ ನೀರಿನ ಆಮ್ಲಜನಕವನ್ನೆಲ್ಲ ಅದೇ ನುಂಗುತ್ತದೆ. ಅದರ ಜೊತೆಗೆ ಬಾಟಲಿಯಲ್ಲಿ ತಾಮ್ರ ಇತ್ತು, ಸಿಗಡಿಗೆ ವಿಷ. ನನ್ನ ಕೆಂಪು ಪಟ್ಟೆ ಸಿಗಡಿ ನೆನಪಿದೆಯಾ? ಕೈ ಇಳಿಬಿಟ್ಟರೆ ಬಂದು ಉಗುರಿನ ಸಂದಿ ಕೆರೆಯುತ್ತಿತ್ತು. ಅದು ಮಗುಚಿ ಬಿದ್ದಿತ್ತು. ಬಿಳಿ ಮೀಸೆ ಮಾತ್ರ ನೀರಿನ ಸೆಳೆತಕ್ಕೆ ಅಲ್ಲಾಡುತ್ತಿತ್ತು. ಔಷಧಿ ಹಾಕಬೇಡ ಪುಟ್ಟಿ, ಇನ್ನೊಂದು ಸಲ ಹೇಳ್ತೇನೆ.

ಟ್ಯಾಂಕ್ ಖಾಲಿಯಾದ ಮೇಲೆ ನಿನ್ನ ಅಪ್ಪ ಎರಡು ವಾರಕ್ಕೆ ಅಂತ ಅದರ ಸ್ಟ್ಯಾಂಡ್ ಒಯ್ದ. ಹಲಸಿನ ಮರದ್ದು, ಎದುರು ನಿಂತು ಮಾಡಿಸಿದ್ದು. ನಿಮ್ಮ ಗೃಹಪ್ರವೇಶಕ್ಕೆ ಬಂದಾಗ ನೋಡ್ತೇನೆ, ಅದರ ಮೇಲೆ ಇನ್ವರ್ಟರ್ ಕೂತಿದೆ! ನಾನು ಸುಮ್ನಿದ್ದೆ. ತಮ್ಮ ಅಲ್ವಾ. ಆದರೂ ಒಂದು ಮಾತು ಕೇಳಬಹುದಿತ್ತು. ಈಗಲೂ ಇದನ್ನು ಅರ್ಧ ಕೇಳಿ ಹೆಬ್ಬೆಟ್ಟು ಒತ್ತುತ್ತಾನೆ, ನೋಡ್ತಿರು.

ಅಯ್ಯೋ, ನಿನ್ನ ನೀರಿನ ವಿಷಯ ಮರೆತೇಬಿಟ್ಟೆ. ಬಿಳಿ ಬಟ್ಟಲಿನಲ್ಲಿ ಸ್ವಲ್ಪ ನೀರು ತೆಗೆ. ಬಟ್ಟಲಲ್ಲೂ ಹಸಿರಿದ್ದರೆ ಅದು ತೇಲುವ ಪಾಚಿ. ತಿಳಿಯಾಗಿದ್ದರೆ ಗಾಜಿಗೆ ಹತ್ತಿದ್ದು, ಉಜ್ಜಿದರೆ ಆಯಿತು. ಹಾಲಿನ ಹಾಗೆ ಬೆಳ್ಳಗಿದ್ದರೆ ಬ್ಯಾಕ್ಟೀರಿಯಾ ಇರಬಹುದು, ಅಮೋನಿಯಾ ಟೆಸ್ಟ್ ಮಾಡು. ಪಾಚಿಗೆ ಊಟವಾಗೋ ನೈಟ್ರೇಟ್, ಫಾಸ್ಫೇಟ್ ಕೂಡ ಟೆಸ್ಟ್ ಮಾಡಿ ನೋಡು. ಸೊನ್ನೆ ಬಂದರೂ ಪೂರ್ತಿ ನಂಬಬೇಡ, ಪಾಚಿಯೇ ತಿಂದು ಮುಗಿಸಿರಬಹುದು. ಕಿಟಕಿಗೆ ಪರದೆ ಎಳಿ. ಮೀನಿಗೆ ದಿನಕ್ಕೆ ಒಂದೇ ಸಲ, ಒಂದು ಚಿಟಿಕೆ ಸಾಕು. ಇಂಗಿದಷ್ಟಕ್ಕೆ ಬರೀ ಆರ್‌ಓ ನೀರು, ಉಪ್ಪು ಬೇಡ. ಐದರಲ್ಲಿ ಒಂದು ಪಾಲು ನೀರು ಬದಲಾಯಿಸು, ಅದಕ್ಕೆ ಮಾತ್ರ ಉಪ್ಪು ಬೆರೆಸಿ, ಉಪ್ಪು ಅಳೆಯುವ ಮೀಟರ್‌ನಲ್ಲಿ ಸಾಪೇಕ್ಷ ಸಾಂದ್ರತೆ 1.025ಕ್ಕೆ ತಂದು ಹಾಕು. ಯುವಿ ಫಿಲ್ಟರ್, ಅಂದರೆ ನೇರಳಾತೀತ ಬೆಳಕಿನಿಂದ ತೇಲುವ ಪಾಚಿ ಕೊಲ್ಲುವುದು, ಯಾರಾದರೂ ಕೊಟ್ಟರೆ ಅದೇ ಒಳ್ಳೆಯದು. ಇಲ್ಲದಿದ್ದರೆ, ನಿನ್ನಲ್ಲಿ ಹವಳ ಇಲ್ಲ ತಾನೇ, 3 ದಿನ ಲೈಟ್ ಆರಿಸಿ ಬೆಡ್‌ಶೀಟ್ ಮುಚ್ಚು. ಏರ್ ಪಂಪ್ ಮಾತ್ರ ಒಂದು ಗಳಿಗೆಯೂ ನಿಲ್ಲಬಾರದು. ಕರೆಂಟ್ ಹೋದರೆ ಇನ್ವರ್ಟರ್‌ಗೆ ಸಿಕ್ಕಿಸು, ಹೇಗೂ ನನ್ನ ಸ್ಟ್ಯಾಂಡ್ ಮೇಲೇ ಇದೆಯಲ್ಲ.