ಒಂದೇ ಬಿಟ್‌ಕಾಯಿನ್‌ಗೆ ಎರಡು ರೇಟು ಯಾಕೆ?

ಹಾಸನದ_ಹುಡುಗ:
ಕ್ರಿಪ್ಟೊ ಕೊಂಡು ಮಾರುವ ಹೊರಗಿನ ದೊಡ್ಡ ಎಕ್ಸ್‌ಚೇಂಜ್ ಬೈನಾನ್ಸ್‌ನ ಡಾಲರ್ ರೇಟನ್ನು ಇವತ್ತಿನ ರೂಪಾಯಿ ಲೆಕ್ಕಕ್ಕೆ ತಂದು ನೋಡಿದೆ. ನಾನು ಬಳಸುವ ಇಲ್ಲಿನ ಆ್ಯಪ್ ರೇಟಿಗೂ ಅದಕ್ಕೂ ತಾಳೆಯೇ ಆಗುವುದಿಲ್ಲ. ಹೆಚ್ಚಿನ ದಿನ ಇಲ್ಲೇ ಜಾಸ್ತಿ. ಆದರೆ ಅಲ್ಲಿ ಬಿದ್ದರೆ ಕ್ಷಣದಲ್ಲಿ ಇಲ್ಲೂ ಬೀಳುತ್ತದೆ! ಅಲ್ಲಿ ಕೊಂಡು ಇಲ್ಲಿ ಮಾರಿದರೆ ಲಾಭ ಅಲ್ವಾ?

ಬಡ್ಡಿರಾಯ:
ಎಲ್ಲಾ ಗೋಲ್‌ಮಾಲ್. ಸುಮ್ನೆ ಎಫ್‌ಡಿ ಇಡಿ.

ಬಾಟ್_ಬರೆದವ:
ರಾಯರೇ, ಇದರಲ್ಲಿ ಗೋಲ್‌ಮಾಲ್ ಕಡಿಮೆ, ಲೆಕ್ಕ ಜಾಸ್ತಿ. ಈ ಅಂತರ ಹಿಡಿಯಲೆಂದೇ ನಾನು 2021ರಲ್ಲಿ ಬಾಟ್, ಅಂದರೆ ತಾನಾಗಿಯೇ ಆರ್ಡರ್ ಹಾಕುವ ಪ್ರೋಗ್ರಾಂ, ಓಡಿಸುತ್ತಿದ್ದೆ.

ಇಲ್ಲಿ ಆರ್ಡರ್ ಹಾಕಿ ಕೂತಿರುವ ಬಹುಪಾಲು ಬಾಟ್‌ಗಳ ಕಣ್ಣು ದೊಡ್ಡ ಎಕ್ಸ್‌ಚೇಂಜ್ ಮೇಲೆ. ಅಲ್ಲಿ ರೇಟು ಇಳಿದರೆ ಇಲ್ಲಿನ ಬೈ ಆರ್ಡರ್ ತಕ್ಷಣ ಕಿತ್ತು ಕೆಳಗೆ ಹಾಕುತ್ತವೆ. ಒಂದೇ ಒಂದು ಕಾಯಿನ್ ಆಚೀಚೆ ಹೋಗದೆ ರೇಟು ಬೀಳುತ್ತದೆ.

ಅಂತರ ಮುಚ್ಚಬೇಕೆಂದರೆ ಮಾತ್ರ ದುಡ್ಡೇ ಓಡಾಡಬೇಕು. ಇಲ್ಲಿ ಮಾರಿದ ರೂಪಾಯಿ ಡಾಲರಾಗಿ ಹೊರಗೆ ಹೋಗಬೇಕು, ಅದಕ್ಕೆ ಬ್ಯಾಂಕ್ ಒಪ್ಪಬೇಕು. ಸಾಲದ್ದಕ್ಕೆ 2022ರ ಜುಲೈ 1ರಿಂದ ಮಾರಾಟದ ಮೇಲೆ ಶೇ 1 ಟಿಡಿಎಸ್. ನನಗೆ ಸಿಗುತ್ತಿದ್ದ ಅಂತರವೇ ಅರ್ಧ ಪರ್ಸೆಂಟ್ ಆಸುಪಾಸು. ಅವತ್ತೇ ಬಾಟ್ ನಿಲ್ಲಿಸಿದೆ.

ಕೊರಿಯಾದಲ್ಲೂ ಹೀಗೇ. ಹೊರಗಿನವರು ಅಲ್ಲಿ ಸುಲಭವಾಗಿ ಖಾತೆ ತೆರೆಯಲಾಗದು, ಹಣ ಹೊರಗೆ ಸಾಗಿಸುವುದೂ ಕಷ್ಟ. 2018ರ ಜನವರಿಯಲ್ಲಿ ಅಲ್ಲಿನ ರೇಟು ಶೇ 50ರ ಹತ್ತಿರ ಮೇಲಿತ್ತು. ಜನವರಿ 8ಕ್ಕೆ ಎಲ್ಲಾ ಕಡೆಯ ರೇಟಿನ ಸರಾಸರಿ ತೋರಿಸುವ ಕಾಯಿನ್‌ಮಾರ್ಕೆಟ್‌ಕ್ಯಾಪ್ ಸೈಟ್ ಕೊರಿಯಾದ ಎಕ್ಸ್‌ಚೇಂಜ್‌ಗಳನ್ನು ಸರಾಸರಿಯಿಂದ ತೆಗೆದುಬಿಟ್ಟಿತು. ಪರದೆ ಮೇಲೆ ರೇಟು ಕುಸಿಯಿತು. ಅದನ್ನು ನಿಜವೆಂದು ನಂಬಿದವರು ಗಾಬರಿಯಿಂದ ಮಾರಿದರು!

ಹಾಸನದ_ಹುಡುಗ:
ಒಂದು ಕಡೆ ಬಿದ್ದರೆ ಎಲ್ಲಾ ಕಡೆ ಬೀಳಲೇಬೇಕಾ?

ಬಾಟ್_ಬರೆದವ:
ಇಲ್ಲ. 2017ರ ಜೂನ್ 21ರಂದು ಜಿಡ್ಯಾಕ್ಸ್ ಎಂಬ ಎಕ್ಸ್‌ಚೇಂಜ್‌ನಲ್ಲಿ ಒಬ್ಬರ ದೊಡ್ಡ ಸೆಲ್ ಆರ್ಡರ್‌ಗೆ ಈಥರ್ ಎಂಬ ಇನ್ನೊಂದು ಕಾಯಿನ್ 317 ಡಾಲರ್‌ನಿಂದ 10 ಸೆಂಟ್‌ಗೆ ಜಾರಿತು. ಮೊದಲ ಪೆಟ್ಟಿಗೆ ಅಲ್ಲೇ ಇದ್ದ ಸ್ಟಾಪ್‌ಲಾಸ್‌ಗಳು (ರೇಟು ಇಷ್ಟಕ್ಕಿಳಿದರೆ ತಾನೇ ಮಾರುವ ಆರ್ಡರ್‌ಗಳು), ಸಾಲದ ಟ್ರೇಡ್‌ಗಳು ಒಂದರ ಹಿಂದೆ ಒಂದು ಉದುರಿದವು. ಬೇರೆ ಎಕ್ಸ್‌ಚೇಂಜ್‌ಗಳಲ್ಲಿ ಅಂಥ ಕುಸಿತ ಆಗಲಿಲ್ಲ.

2019ರ ಮೇ 17ರ ಕಥೆ ಬೇರೆ. ಬಿಟ್‌ಸ್ಟ್ಯಾಂಪ್ ಎಂಬ ಎಕ್ಸ್‌ಚೇಂಜ್‌ನಲ್ಲಿ ಯಾರೋ ಸಾವಿರಾರು ಬಿಟ್‌ಕಾಯಿನ್ ಒಟ್ಟಿಗೆ ಮಾರಿದರು. ರೇಟು 6,200 ಡಾಲರ್ ಹತ್ತಿರಕ್ಕೆ ಇಳಿಯಿತು. ಬಿಟ್‌ಮೆಕ್ಸ್ ಎಂಬ ಇನ್ನೊಂದು ಕಡೆ ಫ್ಯೂಚರ್ಸ್ (ರೇಟಿನ ಏರಿಳಿತದ ಮೇಲಿನ ಒಪ್ಪಂದ) ಆಡುವವರ ಲಾಭನಷ್ಟ ಕಟ್ಟುವ ಇಂಡೆಕ್ಸ್‌ನಲ್ಲಿ ಬಿಟ್‌ಸ್ಟ್ಯಾಂಪ್ ರೇಟೂ ಸೇರಿತ್ತು. ಹಾಗಾಗಿ ಬಿಟ್‌ಸ್ಟ್ಯಾಂಪ್‌ನಲ್ಲಿ ಖಾತೆಯೇ ಇಲ್ಲದವರ ಲಾಂಗ್‌ಗಳೂ (ರೇಟು ಏರುತ್ತದೆಂದು ಹಾಕಿದ ಟ್ರೇಡ್‌ಗಳು) ಕೋಟಿಗಟ್ಟಲೆ ಡಾಲರ್ ಲೆಕ್ಕದಲ್ಲಿ ಲಿಕ್ವಿಡೇಟ್ ಆದವು, ಅಂದರೆ ಬಲವಂತವಾಗಿ ಮುಚ್ಚಿಹೋದವು. ಸಣ್ಣ ಮಾರುಕಟ್ಟೆಯನ್ನು ಅಲ್ಲಾಡಿಸಿ ದೊಡ್ಡದರಲ್ಲಿ ಶಾರ್ಟ್ (ರೇಟು ಬಿದ್ದರೆ ಲಾಭ ಕೊಡುವ ಟ್ರೇಡ್) ಹಾಕಿ ದುಡ್ಡು ಮಾಡಿದರು ಅನ್ನುವ ಅನುಮಾನ ಅವತ್ತಿನಿಂದ ಇದೆ. ನನಗೂ ಹಾಗೇ ಅನ್ನಿಸುತ್ತದೆ.

ಹಾಸನದ_ಹುಡುಗ:
ಹಾಗಾದರೆ ರೇಟು ಎಲ್ಲಿ ಜಾಸ್ತಿಯೋ ಅಲ್ಲಿ ಮಾರುವುದು ಒಳ್ಳೆಯದಲ್ವಾ?

ಬಾಟ್_ಬರೆದವ:
ದುಡ್ಡು ಹೊರಗೆ ಬರುತ್ತದೆಯೇ ಎಂದು ಮೊದಲು ನೋಡಿ. 2013ರಲ್ಲಿ ಮೌಂಟ್ ಗಾಕ್ಸ್ ಎಂಬ ಎಕ್ಸ್‌ಚೇಂಜ್‌ನಲ್ಲಿ ರೇಟು ಬೇರೆ ಕಡೆಗಿಂತ ಮೇಲಿತ್ತು. ಡಾಲರ್ ವಿತ್‌ಡ್ರಾ ತಿಂಗಳುಗಟ್ಟಲೆ ತಡ, ಹಾಗಾಗಿ ಜನ ಬಿಟ್‌ಕಾಯಿನ್ ಕೊಂಡು ಹೊರಬೀಳುತ್ತಿದ್ದರು. 2014ರ ಫೆಬ್ರವರಿಯಲ್ಲಿ ಬಿಟ್‌ಕಾಯಿನ್ ವಿತ್‌ಡ್ರಾ ಕೂಡ ನಿಂತಿತು. ಅದೇ ಎಕ್ಸ್‌ಚೇಂಜ್‌ನ ರೇಟು ಬೇರೆಯವರಿಗಿಂತ ಎಷ್ಟೋ ಕೆಳಗೆ ಹೋಯಿತು. ನಿಮ್ಮ ಆ್ಯಪ್‌ನಲ್ಲಿ ಕಾಯಿನ್ ಹೊರಗೆ ಕಳಿಸಬಹುದಾ?

ಹಾಸನದ_ಹುಡುಗ:
ಇಲ್ಲ. ರೂಪಾಯಿ ಮಾತ್ರ.

ಬಾಟ್_ಬರೆದವ:
ಹಾಗಾದರೆ ಕೊಂಡ ಕಾಯಿನ್ ಮಾರಲು ನಿಮಗೆ ಆ ಆ್ಯಪ್ ಬಿಟ್ಟರೆ ಬೇರೆ ಜಾಗ ಇಲ್ಲ. ಅಲ್ಲಿ ಕೊಂಡು ಇಲ್ಲಿ ಮಾರುವ ಯೋಚನೆ ಬಿಡಿ, ಹೊರಗಿನ ಕಾಯಿನ್ ಅದರೊಳಗೆ ಬರುವುದೂ ಅನುಮಾನ.